ಮ್ಯಾಡಿಸನ್ನಿನ ಸೀಸದ ಕೊಳವೆಗಳು 2012ರಲ್ಲೇ ಹೋದವು, ಮಿಲ್ವಾಕಿಯಲ್ಲಿ ಇನ್ನೂ ಏಕೆ ಇವೆ?

ಹಳೆಮನೆ1924

ಎಲ್ಲರಿಗೂ ನಮಸ್ಕಾರ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ನಾವು ಕಳೆದ ಬೇಸಿಗೆಯಲ್ಲಿ ಒಂದು ಹಳೆಯ ಮನೆ ಕೊಂಡಿದ್ದೇವೆ. 1924ರಲ್ಲಿ ಕಟ್ಟಿದ್ದು. ನನ್ನ ಚಿಕ್ಕಮ್ಮನ ಮಗಳು ಮಿಲ್ವಾಕಿಯಲ್ಲಿದ್ದಾಳೆ, ಅವಳದೂ ಹೆಚ್ಚುಕಡಿಮೆ ಅದೇ ವಯಸ್ಸಿನ ಮನೆ. ನವೆಂಬರಿನಲ್ಲಿ ಅವಳಿಗೆ ಒಂದು ಪತ್ರ ಬಂತು. ರಸ್ತೆಯ ಮುಖ್ಯ ಕೊಳವೆಯಿಂದ ಮನೆಗೆ ನೀರು ತರುವ ಕೊಳವೆ ಸೀಸದ್ದು ಎಂದು ಅದರಲ್ಲಿ ಬರೆದಿತ್ತು. ಅವಳಿಗೆ ಎಂಟು ತಿಂಗಳ ಮಗುವಿದೆ, ಅದೇ ನಲ್ಲಿ ನೀರಿನಲ್ಲಿ ಮಗುವಿಗೆ ಹಾಲಿನ ಪುಡಿ ಕಲಸುತ್ತಿದ್ದಳು. ಪತ್ರ ಓದಿದ ರಾತ್ರಿ ಅವಳು ನನಗೆ ಫೋನ್ ಮಾಡಿ ಅತ್ತಳು.

ನಾನು ನಮ್ಮ ಊರಿನಲ್ಲಿ ವಿಚಾರಿಸಿದರೆ, ಮ್ಯಾಡಿಸನ್ನಿನಲ್ಲಿ ಅಂಥ ಕೊಳವೆಗಳನ್ನೆಲ್ಲ 2012ರ ಹೊತ್ತಿಗೇ ತೆಗೆದುಹಾಕಲಾಗಿದೆ ಎಂಬ ಉತ್ತರ ಸಿಕ್ಕಿತು. ರಾಜ್ಯ ಒಂದೇ, ಕಾನೂನು ಒಂದೇ, ನಡುವೆ ಇರುವುದು ಎಂಬತ್ತು ಮೈಲಿ. ಹೀಗಿರುವಾಗ ಒಂದು ಊರಿಗೆ ಸಾಧ್ಯವಾದದ್ದು ಇನ್ನೊಂದಕ್ಕೆ ಏಕೆ ಆಗಲಿಲ್ಲ? ನಮ್ಮ ಮನೆಯದನ್ನು ನಿಜವಾಗಿಯೂ ಬದಲಿಸಿದ್ದಾರೆಯೇ ಎಂದು ನಾನೇ ಪರೀಕ್ಷಿಸಿ ನೋಡುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಮೊನೋನಾದಂಡೆ

ನಾನು ಈ ಊರಿಗೆ ಬಂದದ್ದು 1999ರಲ್ಲಿ, ಆದ್ದರಿಂದ ಇದನ್ನು ಕಣ್ಣಾರೆ ಕಂಡವಳು. ಕುಡಿಯುವ ನೀರಿನ ಸೀಸ ಮತ್ತು ತಾಮ್ರದ ಬಗ್ಗೆ ಕೇಂದ್ರ ಸರ್ಕಾರ 1991ರಲ್ಲಿ ನಿಯಮ ತಂದಿತು. ಶತಕೋಟಿಗೆ 15 ಭಾಗ ಮೀರಿದರೆ ಕ್ರಮ ಕೈಗೊಳ್ಳಬೇಕು ಎಂಬುದು ಅದರ ಮಿತಿ. ಮರುವರ್ಷ ಪರೀಕ್ಷೆ ಮಾಡಿದಾಗ ಮ್ಯಾಡಿಸನ್ ಆ ಮಿತಿಯನ್ನು ದಾಟಿತ್ತು. ಇಂಥ ಊರುಗಳು ಸಾಮಾನ್ಯವಾಗಿ ನೀರಿಗೆ ಫಾಸ್ಫೇಟ್ ಎಂಬ ರಂಜಕದ ಲವಣ ಬೆರೆಸುತ್ತವೆ. ಅದು ಕೊಳವೆಯ ಒಳಮೈಗೆ ಪೊರೆಯಂತೆ ಅಂಟಿ ಸೀಸ ಕರಗದಂತೆ ತಡೆಯುತ್ತದೆ. ಆದರೆ ನಮ್ಮ ಊರು ಇರುವುದೇ ಮೆಂಡೋಟಾ ಮತ್ತು ಮೊನೋನಾ ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ. ಹೊಲಗಳಿಂದ ಹರಿದು ಬರುವ ರಂಜಕದಿಂದ ಆ ಕೆರೆಗಳು ಆಗಲೇ ಪ್ರತಿ ಬೇಸಿಗೆ ಪಾಚಿ ಕಟ್ಟಿ ಹಸಿರಾಗುತ್ತಿದ್ದವು. ಕುಡಿಯುವ ನೀರಿಗೆ ನಾವೇ ಮತ್ತಷ್ಟು ರಂಜಕ ಸುರಿದರೆ ಕೆರೆಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು, ಬೇರೆ ರಾಸಾಯನಿಕಗಳನ್ನು ಪರೀಕ್ಷಿಸಿದರೂ ಫಲ ಕಾಣಲಿಲ್ಲ. ಕೊನೆಗೆ ಕೊಳವೆಯನ್ನೇ ಕಿತ್ತುಹಾಕೋಣ ಎಂಬ ನಿರ್ಧಾರಕ್ಕೆ ಬಂದರು.

ನಗರ ಪರಿಷತ್ತು 2000ದಲ್ಲಿ ಶಾಸನ ಮಾಡಿತು, 2001ರಲ್ಲಿ ಕೆಲಸ ಶುರುವಾಯಿತು, 2012ರಲ್ಲಿ ಮುಗಿಯಿತು. ಸುಮಾರು 8,000 ಕೊಳವೆಗಳು, ಸುಮಾರು 1.55 ಕೋಟಿ ಡಾಲರ್ ಖರ್ಚು. ನೀರಿನಲ್ಲಿ ಸೀಸ ಬಂದು ಮಿಶಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನ ಹೆಸರು ದೇಶಕ್ಕೆಲ್ಲ ತಿಳಿಯುವ ಮೊದಲೇ ಇದೆಲ್ಲ ನಡೆದುಹೋಗಿತ್ತು.

ಮಿಲ್ವಾಕಿವಾಸಿ

ಅಕ್ಕ, ನೀವು ಹೇಳಿದ್ದು ಸರಿ, ಆದರೆ ಈ ಹೋಲಿಕೆಯಲ್ಲಿ ನಮ್ಮ ಊರಿಗೆ ಅನ್ಯಾಯವಾಗುತ್ತಿದೆ. ನಿಮ್ಮಲ್ಲಿ ಇದ್ದದ್ದು 8,000. ನಮ್ಮಲ್ಲಿ ಇದ್ದದ್ದು ಸುಮಾರು 70,000. ಇಲ್ಲಿ 1950ಕ್ಕಿಂತ ಮೊದಲು ಕಟ್ಟಿದ ಸಣ್ಣ ಮನೆ ಎಂದರೆ ಸೀಸದ ಕೊಳವೆ ಇದೆ ಎಂದೇ ತಿಳಿಯಬೇಕು.

1993ರಲ್ಲಿ ಇಲ್ಲಿ ಏನಾಯಿತು ಎಂಬುದನ್ನೂ ನೆನಪಿಡಬೇಕು. ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಶುದ್ಧೀಕರಣ ಘಟಕವನ್ನು ದಾಟಿ ನಲ್ಲಿಗೆ ಬಂದು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು ಎಂಬ ಅಂದಾಜಿದೆ. ಆಮೇಲೆ ಊರಿನ ಹಣವೂ ಗಮನವೂ ಶೋಧಕಗಳಿಗೆ ಮತ್ತು ಓಝೋನ್ ಶುದ್ಧೀಕರಣಕ್ಕೆ ಹೋದವು. ಸೀಸಕ್ಕೆ 1996ರಿಂದ ಫಾಸ್ಫೇಟ್ ಹಾಕುತ್ತಿದ್ದಾರೆ, ಅದು ಕೆಲಸವನ್ನೂ ಮಾಡುತ್ತಿದೆ. ಏನನ್ನೂ ಮಾಡದೆ ಕುಳಿತಿದ್ದರು ಎಂಬ ಅರ್ಥ ಬರುವಂತೆ ಯಾರೂ ಬರೆಯಬೇಡಿ.

ಹಳೆಮನೆ1924

ಕ್ಷಮಿಸಿ, ಹಾಗೆ ಹೇಳುವ ಉದ್ದೇಶ ನನಗಿರಲಿಲ್ಲ. 1993ರ ಸಂಗತಿ ನನಗೆ ತಿಳಿದೇ ಇರಲಿಲ್ಲ.

ತುಂಗಾತೀರ

ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿದರೆ ಸಾಲದೇ? ನಮ್ಮ ಮನೆಯಲ್ಲಿ ಎಂದಿನಿಂದಲೂ ಹಾಗೆಯೇ ಮಾಡುತ್ತೇವೆ.

ನಿವೃತ್ತ ಇಂಜಿನಿಯರ್, ಧಾರವಾಡ

ದಯವಿಟ್ಟು ಹಾಗೆ ತಿಳಿಯಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಸಾಯುವುದಿಲ್ಲ. ಅದು ಲೋಹ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ನಮ್ಮ ಕಡೆಯಿಂದ ಬಂದ ಎಲ್ಲ ಮನೆಗಳಲ್ಲೂ ಕುದಿಸುವ ಅಭ್ಯಾಸವಿದೆ, ಅದು ಒಳ್ಳೆಯ ಅಭ್ಯಾಸವೇ, ಆದರೆ ಇಲ್ಲಿ ಅದು ಸುಳ್ಳು ಧೈರ್ಯ ಕೊಡುತ್ತದೆ. ಬಿಸಿನೀರಿನ ನಲ್ಲಿಯಿಂದ ಅಡುಗೆಗೆ ನೀರು ಹಿಡಿಯುವುದಂತೂ ಬೇಡವೇ ಬೇಡ, ಏಕೆಂದರೆ ಬಿಸಿನೀರಿನಲ್ಲಿ ಸೀಸ ಹೆಚ್ಚು ಕರಗುತ್ತದೆ. ಮಿಲ್ವಾಕಿಯ ತಾಯಿಗೆ ತಿಳಿಸಿ: ಸೀಸ ತೆಗೆಯುವುದಕ್ಕೆ ಪ್ರಮಾಣೀಕರಿಸಿದ, ಅಂದರೆ ಎನ್ಎಸ್ಎಫ್ 53 ಎಂದು ಗುರುತಿರುವ ಶೋಧಕವನ್ನು ಕೊಂಡು, ಕೊಳವೆ ಬದಲಾಗುವವರೆಗೆ ಮಗುವಿನ ಹಾಲಿಗೆ ಆ ನೀರನ್ನೇ ಬಳಸಲಿ. ಮಗುವಿನ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ.

ನಾನು ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಮ್ಯಾಡಿಸನ್ನಿಗೆ ಬಂದಿದ್ದೇನೆ. ನೀರು ಸರಬರಾಜಿನ ಕೆಲಸದಲ್ಲೇ ಮೂವತ್ತೆರಡು ವರ್ಷ ಕಳೆದವನು, ಆದ್ದರಿಂದ ಈ ಚರ್ಚೆಯನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ತುಂಗಾತೀರ

ತುಂಬ ಉಪಕಾರವಾಯಿತು ಸರ್. ನಮ್ಮ ಅಕ್ಕನಿಗೂ ಈಗಲೇ ಹೇಳುತ್ತೇನೆ.

ಲೆಕ್ಕದವನು

ಮ್ಯಾಡಿಸನ್ನಿನ ಕಥೆಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಅದರಲ್ಲಿ ಒಂದು ಭಾಗವನ್ನು ಯಾರೂ ಹೇಳುವುದಿಲ್ಲ. ರಸ್ತೆಯಿಂದ ಮನೆಯ ಗಡಿಯವರೆಗಿನ ಕೊಳವೆ ನಗರದ್ದು, ಗಡಿಯಿಂದ ಮೀಟರಿನವರೆಗಿನದು ಮನೆಯವರದು. ನಗರ ತನ್ನ ಭಾಗವನ್ನು ತನ್ನ ಖರ್ಚಿನಲ್ಲಿ ಬದಲಿಸಿತು, ಮನೆಯವರ ಭಾಗವನ್ನು ಮನೆಯವರೇ ಬದಲಿಸಬೇಕೆಂದು ಶಾಸನ ಮಾಡಿತು. ಖರ್ಚಿನ ಅರ್ಧದಷ್ಟು, ಹೆಚ್ಚೆಂದರೆ 1,000 ಡಾಲರ್ ಹಿಂದಿರುಗಿಸಿತು. ಎಪ್ಪತ್ತು ವರ್ಷಗಳ ಹಿಂದೆ ಯಾರೋ ಹೂತ ಕೊಳವೆಗೆ ಪಿಂಚಣಿಯಲ್ಲಿ ಬದುಕುವ ಅಜ್ಜಿ ಏಕೆ ಹಣ ಕೊಡಬೇಕಿತ್ತು? ಅದು ಕಾನೂನಿನ ಬಲದಿಂದ ಹೇರಿದ ಹೊರೆ ಎಂಬುದೇ ನನ್ನ ಖಚಿತ ಅಭಿಪ್ರಾಯ.

ಮೊನೋನಾದಂಡೆ

ಹೊರೆ ಇದ್ದದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ. ನಮ್ಮ ಬೀದಿಯಲ್ಲೂ ಜನ ಸಿಟ್ಟಾಗಿದ್ದರು. ಆದರೆ ನಗರ ಏಕೆ ಪೂರ್ತಿ ಕೊಡಲಿಲ್ಲ ಎಂಬುದಕ್ಕೂ ಕಾರಣವಿದೆ. ವಿಸ್ಕಾನ್ಸಿನ್‌ನಲ್ಲಿ ನೀರಿನ ದರವನ್ನು ನಿಯಂತ್ರಿಸುವುದು ರಾಜ್ಯದ ಸಾರ್ವಜನಿಕ ಸೇವಾ ಆಯೋಗ. ಎಲ್ಲ ಗ್ರಾಹಕರ ಬಿಲ್ಲಿನ ಹಣವನ್ನು ಕೆಲವರ ಖಾಸಗಿ ಸ್ವತ್ತಿಗೆ ಖರ್ಚು ಮಾಡುವಂತಿಲ್ಲ ಎಂದು ಆಯೋಗ ಹೇಳಿತು. ಆಗ ನೀರಿನ ಇಲಾಖೆಯವರು ಒಂದು ಉಪಾಯ ಕಂಡುಕೊಂಡರು. ಊರಿನ ಎತ್ತರದ ನೀರಿನ ಟ್ಯಾಂಕುಗಳ ಮೇಲೆ ಮೊಬೈಲ್ ಕಂಪನಿಗಳು ಆಂಟೆನಾ ಕೂರಿಸಿ ಬಾಡಿಗೆ ಕೊಡುತ್ತಿದ್ದವು. ಆ ಬಾಡಿಗೆ ಗ್ರಾಹಕರ ಬಿಲ್ಲಿನಿಂದ ಬಂದ ಹಣವಲ್ಲ. ಮನೆಯವರಿಗೆ ಹಿಂದಿರುಗಿಸಿದ್ದು ಆ ಹಣವನ್ನೇ.

ನಮ್ಮ ಎದುರು ಮನೆಯಲ್ಲಿ ಅಗೆದ ದಿನ ನನಗೆ ಇನ್ನೂ ನೆನಪಿದೆ. ಅಂಗಳವನ್ನೆಲ್ಲ ಬಗೆಯಲಿಲ್ಲ. ರಸ್ತೆಯ ಬದಿಯಲ್ಲಿ ಒಂದು ಗುಂಡಿ, ನೆಲಮಾಳಿಗೆಯ ಗೋಡೆಯ ಬಳಿ ಒಂದು ಗುಂಡಿ. ಹಳೆಯ ಕೊಳವೆಯೊಳಗೆ ಉಕ್ಕಿನ ಹಗ್ಗ ತೂರಿಸಿ, ಅದರ ತುದಿಗೆ ಹೊಸ ತಾಮ್ರದ ಕೊಳವೆ ಕಟ್ಟಿ, ಯಂತ್ರದಿಂದ ಎಳೆದರು. ಸೀಸದ ಕೊಳವೆ ಒಂದು ಕಡೆಯಿಂದ ಹಾವಿನಂತೆ ಬಳುಕುತ್ತ ಹೊರಬಂತು, ಅದೇ ಜಾಡಿನಲ್ಲಿ ತಾಮ್ರ ಒಳಹೋಯಿತು. ಸಂಜೆಯೊಳಗೆ ಮಣ್ಣು ಮುಚ್ಚಿದರು.

ಲೆಕ್ಕದವನು

ಆಂಟೆನಾ ಬಾಡಿಗೆಯ ವಿಷಯ ನನಗೆ ತಿಳಿದಿರಲಿಲ್ಲ, ಹೇಳಿದ್ದಕ್ಕೆ ಧನ್ಯವಾದ. ಆದರೂ ರಾಜ್ಯದ ನಿಯಮ ತಪ್ಪಾಗಿತ್ತು ಎಂದಾದರೆ ನಿಯಮವನ್ನು ತಿದ್ದಬೇಕಿತ್ತು.

ಮಿಲ್ವಾಕಿವಾಸಿ

ತಿದ್ದಿದರು, ಆದರೆ 2018ರಲ್ಲಿ. ಆ ವರ್ಷದ ಕಾನೂನಿನ ಪ್ರಕಾರ, ಆಯೋಗದ ಒಪ್ಪಿಗೆ ಪಡೆದು, ಮನೆಯವರ ಭಾಗಕ್ಕೂ ನೀರಿನ ಇಲಾಖೆ ನೆರವು ಕೊಡಬಹುದು. ನಮ್ಮಲ್ಲಿ 2017ರಿಂದ, ಸೀಸದ ಕೊಳವೆ ಸೋರಿದರೆ ಪೂರ್ತಿ ಬದಲಿಸಲೇಬೇಕು ಎಂಬ ಶಾಸನವಿದೆ. ಆಗ ಖರ್ಚಿನ ಮೂರನೆಯ ಒಂದು ಭಾಗವನ್ನು, ಗರಿಷ್ಠ 1,600 ಡಾಲರ್‌ವರೆಗೆ, ಮನೆಯವರು ಕೊಡಬೇಕಿತ್ತು. 2021ರ ಮೂಲಸೌಕರ್ಯ ಕಾನೂನಿನಲ್ಲಿ ಇಡೀ ದೇಶದ ಸೀಸದ ಕೊಳವೆಗಳಿಗೆಂದು 1,500 ಕೋಟಿ ಡಾಲರ್ ತೆಗೆದಿಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಸರದಿಯ ಪ್ರಕಾರ ಕೆಲಸ ನಡೆಯುವ ಬಡಾವಣೆಗಳಲ್ಲಿ ಸಣ್ಣ ಮನೆಗಳವರು ಏನನ್ನೂ ಕೊಡಬೇಕಿಲ್ಲ. ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವ, ಬಡತನ ಹೆಚ್ಚಿರುವ ಬಡಾವಣೆಗಳಿಗೆ ಮೊದಲ ಸರದಿ. ಆದ್ದರಿಂದ ನಿಮ್ಮ ತಂಗಿ ತಮ್ಮ ಮನೆಯ ಸರದಿ ಯಾವಾಗ ಎಂದು ಕೇಳಿ ತಿಳಿಯಲಿ, ಗಾಬರಿಯಿಂದ ಖಾಸಗಿ ಗುತ್ತಿಗೆದಾರರಿಗೆ ಹಣ ಕೊಟ್ಟುಬಿಡುವುದು ಬೇಡ.

ಬಾಡಿಗೆಮನೆ

ಮನೆಯವರು ಎಂದು ಎಲ್ಲರೂ ಹೇಳುತ್ತಿದ್ದೀರಿ. ಆ ನೀರು ಕುಡಿಯುವವರು ಎಷ್ಟೋ ಕಡೆ ಮನೆಯ ಒಡೆಯರಲ್ಲ. ನಾನು ಬಾಡಿಗೆದಾರಳು. ಹಿಂದೆ ಬೇರೊಂದು ಊರಿನಲ್ಲಿ ನಾನಿದ್ದ ಮನೆಯ ಒಡೆಯರು ಎರಡು ಸಾವಿರ ಮೈಲಿ ದೂರದಲ್ಲಿದ್ದರು. ಕೊಳವೆ ಬದಲಿಸಲು ಅನುಮತಿ ಕೇಳಿ ನಗರದಿಂದ ಬಂದ ಎರಡು ಪತ್ರಗಳನ್ನು ನಾನೇ ಫೋಟೊ ತೆಗೆದು ಅವರಿಗೆ ಕಳುಹಿಸಿದೆ. ಉತ್ತರವೇ ಬರಲಿಲ್ಲ. ನಾನು ಮನೆ ಬಿಡುವವರೆಗೂ ಕೊಳವೆ ಹಾಗೆಯೇ ಇತ್ತು. ಬಾಡಿಗೆ ಮಾತ್ರ ಪ್ರತಿ ತಿಂಗಳು ಒಂದನೆಯ ತಾರೀಖಿಗೆ ಅವರ ಖಾತೆಗೆ ಸೇರುತ್ತಿತ್ತು.

ಜರ್ಸಿಯಿಂದ

ನಮ್ಮ ಪಕ್ಕದ ನ್ಯೂಆರ್ಕ್ ನಗರ ಇದಕ್ಕೇ ಒಂದು ದಾರಿ ಮಾಡಿತು. ಅಲ್ಲಿ ಬಾಡಿಗೆದಾರರೇ ಬಹುಸಂಖ್ಯಾತರು. ಒಡೆಯರ ಸಹಿ ಸಿಗದಿದ್ದರೂ ಆ ಸ್ವತ್ತಿಗೆ ಹೋಗಿ ಕೊಳವೆ ಬದಲಿಸಬಹುದು ಎಂದು ನಗರ ಶಾಸನ ಮಾಡಿತು, ಖರ್ಚನ್ನು ಪೂರ್ತಿ ತಾನೇ ವಹಿಸಿತು. ಕೌಂಟಿಯ ಆಡಳಿತ 12 ಕೋಟಿ ಡಾಲರ್ ಸಾಲಪತ್ರದ ಬೆಂಬಲ ಕೊಟ್ಟಿತು. ಹೀಗಾಗಿ 2019ರಲ್ಲಿ ಶುರುವಾದ ಕೆಲಸದಲ್ಲಿ ಮೂರು ವರ್ಷದೊಳಗೆ 23,000ಕ್ಕೂ ಹೆಚ್ಚು ಕೊಳವೆಗಳನ್ನು ಬದಲಿಸಿದರು. ಮ್ಯಾಡಿಸನ್ ಹನ್ನೊಂದು ವರ್ಷ ತೆಗೆದುಕೊಂಡಿತು ಎಂಬುದನ್ನು ಗಮನಿಸಿ.

ಮೊನೋನಾದಂಡೆ

ಒಪ್ಪುತ್ತೇನೆ. ಆದರೆ ನ್ಯೂಆರ್ಕ್ ಆ ವೇಗ ಕಂಡದ್ದು ನೀರಿನಲ್ಲಿ ಸೀಸ ಏರಿ, ಜನ ಬಾಟಲಿ ನೀರಿಗೆ ಸಾಲು ನಿಂತ ಮೇಲೆ. ಮ್ಯಾಡಿಸನ್ ಅಂಥ ದಿನ ಬರುವ ಮೊದಲೇ ಕೆಲಸ ಹಿಡಿಯಿತು. ಒಂದು ಮುಂಜಾಗ್ರತೆಯ ಕೆಲಸ, ಇನ್ನೊಂದು ತುರ್ತಿನ ಕೆಲಸ, ಎರಡಕ್ಕೂ ಸಿಗುವ ಹಣ ಒಂದೇ ಅಲ್ಲ.

ಮಿಶಿಗನ್‌ನಿಂದ

ನಾನು ಫ್ಲಿಂಟ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿದ್ದೇನೆ. ಇಲ್ಲಿಯವರೆಗೆ ಹಣದ ಮಾತೇ ಹೆಚ್ಚಾಗಿದೆ, ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬೇಕು. ಫ್ಲಿಂಟ್ ಆಗ ಸುಮಾರು ಒಂದು ಲಕ್ಷ ಜನರ ಊರು. ನಗರ ಸಾಲದಲ್ಲಿದೆ ಎಂದು ರಾಜ್ಯ ಸರ್ಕಾರ ಅಲ್ಲಿಗೆ ತುರ್ತು ವ್ಯವಸ್ಥಾಪಕರನ್ನು ನೇಮಿಸಿತ್ತು. ಜನ ಆರಿಸಿದ ಮೇಯರ್ ಮತ್ತು ಪರಿಷತ್ತು ಇದ್ದರೂ ಕೊನೆಯ ಮಾತು ಆ ವ್ಯವಸ್ಥಾಪಕರದ್ದು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಡೆಟ್ರಾಯಿಟ್‌ನ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಯಿಸಿದರು, ಸವೆತ ತಡೆಯುವ ರಾಸಾಯನಿಕವನ್ನು ಹಾಕಲಿಲ್ಲ. ಹಳೆಯ ಪೊರೆ ಕಳಚಿ ಸೀಸ ನೀರಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯವರು ಈ ನೀರು ಇಂಜಿನ್ ಭಾಗಗಳನ್ನು ತುಕ್ಕು ಹಿಡಿಸುತ್ತದೆ ಎಂದು ಅದನ್ನು ಬಳಸುವುದನ್ನೇ ಬಿಟ್ಟರು. ಜನರಿಗೆ ಮತ್ತೆ ಡೆಟ್ರಾಯಿಟ್ ನೀರು ಬಂದದ್ದು 2015ರ ಅಕ್ಟೋಬರಿನಲ್ಲಿ. ಆ ಒಂದು ವರ್ಷ ಕಂದು ನೀರಿನ ಬಾಟಲಿ ಹಿಡಿದು ಸಭೆಗಳಿಗೆ ಹೋದ ತಾಯಂದಿರಿಗೆ ನೀರು ಸುರಕ್ಷಿತವಾಗಿದೆ ಎಂದೇ ಹೇಳಿ ಕಳುಹಿಸಿದರು. ಮ್ಯಾಡಿಸನ್ನಿನಲ್ಲಿ ನಿರ್ಧಾರ ಮಾಡಿದವರು ಅದೇ ಊರಿನ ಬೀದಿಗಳಿಂದ ಆರಿಸಿ ಬಂದವರು, ಮತ್ತೆ ಅದೇ ಬೀದಿಗೆ ಮತ ಕೇಳಲು ಹೋಗಬೇಕಾದವರು. ನನಗೆ ಕಾಣುವ ದೊಡ್ಡ ವ್ಯತ್ಯಾಸ ಅದೇ.

ಚಳಿನಾಡು

ನಗರದ್ದು ಎಲ್ಲಿ ಮುಗಿಯುತ್ತದೆ, ಮನೆಯವರದು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಮ್ಯಾಡಿಸನ್ನಿನಲ್ಲಿ ಬರಿಯ ಕೊಳವೆಗೆ ಸೀಮಿತವಲ್ಲ. ಮನೆಯ ಮುಂದಿನ ಕಾಲುದಾರಿ ಸಾರ್ವಜನಿಕರದು, ಆದರೆ ಅದರ ಮೇಲಿನ ಹಿಮವನ್ನು, ಬೀಳುವುದು ನಿಂತ ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ತೆಗೆಯಬೇಕಾದವರು ಮನೆಯವರು. ಮೊದಲ ಚಳಿಗಾಲದಲ್ಲಿ ನನಗೆ ಅದು ತಿಳಿದಿರಲಿಲ್ಲ, ಪಕ್ಕದ ಮನೆಯ ಹಿರಿಯರು ಬಂದು ಹೇಳಿಕೊಟ್ಟರು.

ಮಂಜುಗಡ್ಡೆ ಕರಗಲೆಂದು ಎರಚುವ ಉಪ್ಪಿಗೂ ಈ ಚರ್ಚೆಗೂ ಸಂಬಂಧವಿದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸುತ್ತದೆ ಎಂದು ಇಲ್ಲಿ ಪ್ರಚಾರ ಮಾಡುತ್ತಾರೆ. ನಮ್ಮ ಕುಡಿಯುವ ನೀರು ಆಳದ ಕೊಳವೆಬಾವಿಗಳದ್ದು, ಯೂನಿವರ್ಸಿಟಿ ಅವೆನ್ಯೂ ಬಳಿಯ 14ನೆಯ ಬಾವಿಯಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಉಪ್ಪು ಕಡಿಮೆ ಮಾಡಲೆಂದು ನಗರ ಮುಖ್ಯ ರಸ್ತೆಗಳಿಗೆ, ಬಸ್ ಹೋಗುವ ದಾರಿಗಳಿಗೆ ಮಾತ್ರ ಉಪ್ಪು ಹಾಕುತ್ತದೆ, ಉಳಿದ ಕಡೆ ಮರಳು.

ಬಾಡಿಗೆಮನೆ

ಸೀಸದ ಮಾತು ಹಿಮಕ್ಕೆ ಹೋಯಿತು. ದಯವಿಟ್ಟು ವಿಷಯಕ್ಕೆ ಬನ್ನಿ.

ನಿವೃತ್ತ ಇಂಜಿನಿಯರ್, ಧಾರವಾಡ

ಅವರು ವಿಷಯ ಬಿಟ್ಟಿಲ್ಲಮ್ಮ. ನೀರಿನಲ್ಲಿ ಸಲ್ಫೇಟಿಗೆ ಹೋಲಿಸಿ ಕ್ಲೋರೈಡ್ ಹೆಚ್ಚಾದಷ್ಟೂ ಅದು ಸೀಸವನ್ನು ಹೆಚ್ಚು ಸವೆಸುತ್ತದೆ. ಫ್ಲಿಂಟ್ ನದಿಯ ನೀರಿನಲ್ಲಿ ಕ್ಲೋರೈಡ್ ಡೆಟ್ರಾಯಿಟ್ ನೀರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಸೀಸದ ಕೊಳವೆ ಉಳಿದಿರುವ ಊರಿನಲ್ಲಿ ರಸ್ತೆಗೆ ಸುರಿದ ಉಪ್ಪು ಒಂದು ದಿನ ನಲ್ಲಿಯಲ್ಲಿ ಲೆಕ್ಕ ಕೇಳುತ್ತದೆ.

ಇನ್ನೊಂದು ಎಚ್ಚರಿಕೆ. ನಗರದ ಭಾಗವನ್ನು ಮಾತ್ರ ಬದಲಿಸಿ ಮನೆಯ ಭಾಗವನ್ನು ಹಾಗೆಯೇ ಬಿಟ್ಟರೆ, ಕತ್ತರಿಸಿದ ಅಲುಗಾಟಕ್ಕೆ ಉಳಿದ ತುಂಡಿನಿಂದ ಸೀಸ ಉದುರಿ ಕೆಲವು ಕಾಲ ನೀರಿನಲ್ಲಿ ಅದರ ಪ್ರಮಾಣ ಮೊದಲಿಗಿಂತ ಹೆಚ್ಚಾಗಬಹುದು. ಅರ್ಧ ಕೆಲಸ ಮಾಡುವುದು ಅಪಾಯ. ಲೆಕ್ಕದವನು ಅವರು ಹೇಳಿದ ಹೊರೆಯನ್ನು ನಾನು ಒಪ್ಪುತ್ತೇನೆ, ಆದರೆ ಮನೆಯವರ ಭಾಗವನ್ನು ಅವರವರ ಇಷ್ಟಕ್ಕೆ ಬಿಟ್ಟಿದ್ದರೆ ಮ್ಯಾಡಿಸನ್ನಿನ ಅರ್ಧ ಬೀದಿಗಳಲ್ಲಿ ಇಂಥ ತುಂಡುಗಳೇ ಉಳಿಯುತ್ತಿದ್ದವು. ಶಾಸನ ಬೇಕಿತ್ತು.

ಲೆಕ್ಕದವನು

ಈ ತಾಂತ್ರಿಕ ಕಾರಣವನ್ನು ಮನ್ನಿಸುತ್ತೇನೆ ಸರ್. ಶಾಸನ ಬೇಕಿತ್ತು ಎಂಬುದು ಸರಿ, ಹಣದ ಹಂಚಿಕೆ ಬೇರೆಯಾಗಬೇಕಿತ್ತು ಎಂಬ ನನ್ನ ಮಾತು ಹಾಗೆಯೇ ಇರಲಿ. ಈಗಂತೂ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. 2024ರ ನವೆಂಬರಿನಲ್ಲಿ ಮ್ಯಾಡಿಸನ್ ನಗರದವರು 2.2 ಕೋಟಿ ಡಾಲರ್ ಹೆಚ್ಚುವರಿ ತೆರಿಗೆಗೆ ಜನಮತ ಕೇಳಿ ಗೆದ್ದರಲ್ಲ, ಅದೂ ನೀರಿಗೇ ಹೋಗುತ್ತದೆಯೇ?

ಮೊನೋನಾದಂಡೆ

ಇಲ್ಲ, ಅದು ಬೇರೆ ಚೀಲದ ಹಣ. ಆ ಜನಮತ ಆಸ್ತಿ ತೆರಿಗೆಯದು, ನಗರದ ದಿನನಿತ್ಯದ ಸೇವೆಗಳ ಆಯವ್ಯಯಕ್ಕೆ. ಹೊಸದಾಗಿ ಕಟ್ಟಿದ ಕಟ್ಟಡಗಳ ಮೌಲ್ಯ ಎಷ್ಟು ಏರಿತೋ ಅಷ್ಟರ ಮಟ್ಟಿಗೆ ಮಾತ್ರ ತೆರಿಗೆ ಏರಿಸಬಹುದು ಎಂದು ರಾಜ್ಯ ಮಿತಿ ಹಾಕಿದೆ, ಅದನ್ನು ಮೀರಬೇಕಾದರೆ ಜನರನ್ನೇ ಕೇಳಬೇಕು. ನೀರಿನ ಇಲಾಖೆ ನಡೆಯುವುದು ನೀರಿನ ಬಿಲ್ಲಿನಿಂದ. ನಿಮ್ಮ ಮನೆಗೆ ಬರುವ ಪುರಸಭಾ ಸೇವೆಗಳ ಬಿಲ್ಲನ್ನು ಒಮ್ಮೆ ಪೂರ್ತಿ ಓದಿ: ನೀರು, ಒಳಚರಂಡಿ, ಮಳೆನೀರು, ಬೀದಿ ಮರಗಳು, ಮರುಬಳಕೆಯ ಕಸ, ಒಂದೊಂದಕ್ಕೂ ಒಂದೊಂದು ಸಾಲು. ಮಳೆನೀರಿನ ಶುಲ್ಕ ನಿಮ್ಮ ಜಾಗದಲ್ಲಿ ನೀರು ಇಂಗದ ನೆಲ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ವೀಸಾದವಳು

ಜನಮತದಲ್ಲಿ ನಮ್ಮಂಥವರಿಗೆ ಮತವಿಲ್ಲ. ಹನ್ನೊಂದು ವರ್ಷದಿಂದ ಆಸ್ತಿ ತೆರಿಗೆ ಕಟ್ಟುತ್ತಿದ್ದೇನೆ, ಹಸಿರು ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ನಗರ ಪರಿಷತ್ತಿನ ಸಭೆಯಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ. ಮೊದಲೇ ಹೆಸರು ನೋಂದಾಯಿಸಿದರೆ ಮೂರು ನಿಮಿಷ ಸಿಗುತ್ತದೆ, ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಬಹುದು. ಬಸ್ ಮಾರ್ಗಗಳನ್ನು ಬದಲಿಸುವಾಗ ನಾನು ಒಮ್ಮೆ ಮಾತನಾಡಿದೆ. ಕೈ ನಡುಗುತ್ತಿತ್ತು, ಕಾಗದ ನೋಡಿ ಓದಿದೆ. ನಮ್ಮ ವಾರ್ಡಿನ ಸದಸ್ಯೆ ಮರುದಿನ ಈಮೇಲ್ ಬರೆದು ನನ್ನ ನಿಲ್ದಾಣ ಯಾವುದೆಂದು ಕೇಳಿದರು. ಮಿಲ್ವಾಕಿಯ ತಂಗಿಯೂ ತಮ್ಮ ವಾರ್ಡಿನ ಸದಸ್ಯರಿಗೆ ಬರೆಯಲಿ. ಎಂಟು ತಿಂಗಳ ಮಗುವಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲಿ.

ನಿವೃತ್ತ ಇಂಜಿನಿಯರ್, ಧಾರವಾಡ

ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಹೇಳುತ್ತೇನೆ. ನೆಲಮಾಳಿಗೆಗೆ ಹೋಗಿ, ನೀರಿನ ಮೀಟರ್ ಹುಡುಕಿ. ಗೋಡೆ ಅಥವಾ ನೆಲದಿಂದ ಮೀಟರಿಗೆ ಬರುವ ಕೊಳವೆಯನ್ನು ನೋಡಿ. ಮೊದಲು ಫ್ರಿಜ್ಜಿನ ಮೇಲಿನ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಸತುವಿನ ಲೇಪದ ಕಬ್ಬಿಣ. ಅಂಟದಿದ್ದರೆ ಒಂದು ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರದ ಬಣ್ಣ ಬಂದರೆ ತಾಮ್ರ. ಮೆತ್ತಗೆ ಕೆರೆದುಹೋಗಿ ಒಳಗೆ ಬೆಳ್ಳಿಯಂತೆ ಹೊಳೆದರೆ ಅದು ಸೀಸ. ಸೀಸದ ಕೊಳವೆ ಗೋಡೆಯ ಬಳಿ ಜೋಡಣೆಯಾದಲ್ಲಿ ಈರುಳ್ಳಿ ಗಡ್ಡೆಯಂತೆ ಉಬ್ಬಿರುತ್ತದೆ. ಕೆರೆದ ಮೇಲೆ ಕೈ ತೊಳೆಯಿರಿ.

ಹಳೆಮನೆ1924

ಸರ್, ಈಗಷ್ಟೇ ನೋಡಿ ಬಂದೆ. ಕೊಳವೆಗೆ ಯಾರೋ ಬೂದುಬಣ್ಣದ ಪೇಂಟ್ ಬಳಿದಿದ್ದರು, ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಆಯಸ್ಕಾಂತ ಅಂಟಲಿಲ್ಲ, ಇನ್ನಷ್ಟು ಹೆದರಿದೆ. ಹತ್ತು ಸೆಂಟಿನ ನಾಣ್ಯದಿಂದ ಕೆರೆದಾಗ ಪೇಂಟಿನ ಕೆಳಗೆ ಕೆಂಪುಬಣ್ಣ ಕಂಡಿತು. ತಾಮ್ರ! ಮೀಟರಿನಾಚೆ, ಮೇಲಿನ ಅಡುಗೆಮನೆಗೆ ಹೋಗುವ ಒಂದು ಹಳೆಯ ಕೊಳವೆಗೆ ಮಾತ್ರ ಆಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡಿತು. ಅದರಿಂದ ತೊಂದರೆ ಇದೆಯೇ?

ನನ್ನ ತಂಗಿಗೆ ಎಲ್ಲವನ್ನೂ ಓದಿ ಹೇಳಿದೆ. ಶೋಧಕ ತರಿಸಿದ್ದಾಳೆ. ಮಗುವಿನ ರಕ್ತ ಪರೀಕ್ಷೆಗೆ ಗುರುವಾರ ಸಮಯ ಸಿಕ್ಕಿದೆ.

ನಿವೃತ್ತ ಇಂಜಿನಿಯರ್, ಧಾರವಾಡ

ಇದೆ, ಸ್ವಲ್ಪ. ಆ ಕಬ್ಬಿಣದ ಕೊಳವೆಗೆ ಹಿಂದೆ ಎಷ್ಟೋ ವರ್ಷ ಸೀಸದ ಕೊಳವೆಯಿಂದಲೇ ನೀರು ಬಂದಿರಬಹುದು. ಹಾಗಿದ್ದರೆ ಅದರೊಳಗಿನ ತುಕ್ಕು ಸೀಸವನ್ನು ಹಿಡಿದಿಟ್ಟುಕೊಂಡಿರುತ್ತದೆ, ಆಗಾಗ ಚೂರು ಉದುರಿಸುತ್ತದೆ. ಅಡುಗೆಮನೆಯ ನಲ್ಲಿಯ ತುದಿಯ ಜರಡಿಯನ್ನು ಬಿಚ್ಚಿ ತೊಳೆಯಿರಿ, ಬೆಳಗಿನ ಮೊದಲ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ, ಮುಂದೆ ಅಡುಗೆಮನೆ ದುರಸ್ತಿ ಮಾಡಿಸುವಾಗ ಆ ತುಂಡನ್ನು ತೆಗೆಸಿಬಿಡಿ. ಮಗುವಿನ ಫಲಿತಾಂಶ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಮ್ಮ, ಕಾಯುತ್ತಿರುತ್ತೇನೆ.

ಹಳೆಮನೆ1924

ಖಂಡಿತ ಬರೆಯುತ್ತೇನೆ ಸರ್.